ಶಯ್ಯೆಯ ಮೇಲ್ಕಟ್ಟು

ಪ್ರಾಚೀನ ಕಾವ್ಯಗಳ ಅರ್ಥವನ್ನು ನಿರ್ಣಯಿಸುವಲ್ಲಿ ಶಬ್ದಜ್ಞಾನದಷ್ಟೇ ವಸ್ತುಜ್ಞಾನವೂ ಆವಶ್ಯಕವೆಂಬುದು ವಿದ್ವಾಂಸರೆಲ್ಲರೂ ಒಪ್ಪಿದ ವಿಷಯ. ಆದರೂ ಮನೆಯೊಳಗಿನ ನಿತ್ಯೋಪಯೋಗದ ವಸ್ತುಗಳಲ್ಲಿ ಈ ಎಚ್ಚರಿಕೆಯು ಸಡಿಲವಾಗುವುದುಂಟು. ಆಯುಧ, ಆಭರಣ, ವಾದ್ಯಗಳ ಹೆಸರು ಬಂದೊಡನೆ ನಿಘಂಟನ್ನು ತೆರೆಯುವವರು ಹಾಸಿಗೆ, ದಿಂಬು, ತೆರೆಗಳ ಹೆಸರು ಬಂದಾಗ ತಮ್ಮ ಮನೆಯ ವಸ್ತುವನ್ನೇ ನೆನೆದು ಮುಂದಕ್ಕೆ ಸಾಗುವರು. ಶಯ್ಯೆಯ ಮೇಲೆ ಕಟ್ಟುತ್ತಿದ್ದ ಬಟ್ಟೆಯು ಹೀಗೆ ಅನಾದರಕ್ಕೆ ಗುರಿಯಾದ ವಸ್ತುಗಳಲ್ಲೊಂದು. ಸಂಸ್ಕೃತದಲ್ಲಿ ವಿತಾನವೆಂದೂ ಉಲ್ಲೋಚವೆಂದೂ ಕನ್ನಡದಲ್ಲಿ ಮೇಲ್ಕಟ್ಟೆಂದೂ ಇದಕ್ಕೆ ಹೆಸರು. ಪಾಠ ಹೇಳುವಾಗ ಈ ಶಬ್ದಗಳಿಗೆ ‘ಸೊಳ್ಳೆಪರದೆ’ ಎಂದು ಅರ್ಥ ಹೇಳಿಬಿಡುವುದು ಸುಲಭ. ಬೆಂಗಳೂರಿನ ಪಶ್ಚಿಮಭಾಗದ ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಓದುವ ವಿದ್ಯಾರ್ಥಿಗೆ ಮಂಚದ ಮೇಲೆ ತೂಗುವ ಬಟ್ಟೆಯೆಂದರೆ ಪರಿಚಿತವಾದುದು ಅದೊಂದೇ ಆಗಿರುವುದರಿಂದ ಅವನೂ ಆ ಅರ್ಥವನ್ನು ಮರುಮಾತಿಲ್ಲದೆ ಸ್ವೀಕರಿಸುವನು. ಆದರೆ ಈ ಅರ್ಥದಿಂದ ಪದ್ಯದ ಅಂದವು ಕೆಡುವುದು ಮಾತ್ರವಲ್ಲ, ಕೆಲವೆಡೆ ಅಭಿಪ್ರಾಯವೇ ತಲೆಕೆಳಗಾಗುವುದು.

ಮೊದಲು ಕೋಶಗಳು ಏನು ಹೇಳುವುವೆಂಬುದನ್ನು ನೋಡಬೇಕು. ಅಮರಸಿಂಹನು ಮನುಷ್ಯವರ್ಗದಲ್ಲಿ ವಿತಾನ, ಉಲ್ಲೋಚ ಎಂಬೆರಡನ್ನು ಪರ್ಯಾಯಗಳಾಗಿ ಹೇಳಿ, ಒಡನೆಯೇ ಬಟ್ಟೆಯ ಮನೆಗೆ ದೂಷ್ಯವೆಂದೂ, ಅಡ್ಡವಾಗಿ ಇಳಿಬಿಡುವ ತೆರೆಗೆ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂದೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿರುವನು. ತಲೆಯ ಮೇಲೆ ಹರಡಿದುದು ಒಂದು. ಸುತ್ತಲೂ ಮುಚ್ಚಿ ಮನೆಯಾದುದು ಇನ್ನೊಂದು. ಎದುರಿಗೆ ಅಡ್ಡವಾದುದು ಮತ್ತೊಂದು. ಈ ವಿಭಾಗವು ಸ್ಪಷ್ಟವಾಗಿದೆ. ಹೇಮಚಂದ್ರನ ಅಭಿಧಾನಚಿಂತಾಮಣಿಯು ಇದೇ ಕ್ರಮವನ್ನು ಅನುಸರಿಸಿ ಉಲ್ಲೋಚ, ವಿತಾನಗಳ ಜೊತೆಗೆ ಕದಕ, ಚಂದ್ರೋದಯ ಎಂಬೆರಡನ್ನು ಸೇರಿಸುವುದು. ಚಂದ್ರಾತಪವೆಂಬುದೂ ಈ ಅರ್ಥದಲ್ಲಿ ಬಳಕೆಗೆ ಬಂದಿತು. ಬಂಗಾಳಿಯಲ್ಲಿ ಇಂದಿಗೂ ಅದು ಮೇಲ್ಕಟ್ಟಿನ ಹೆಸರು. ಚಂದ್ರಾತಪಕ್ಕೆ ಬೆಳುದಿಂಗಳೆಂಬುದೇ ಮೊದಲ ಅರ್ಥವಾದುದರಿಂದ, ಬಿಳಿಯ ಬಟ್ಟೆಯು ಮೇಲೆ ಹರಡಿದಾಗ ತಿಂಗಳ ಬೆಳಕು ಹರಡಿದಂತೆ ತೋರುವುದೆಂಬ ಉತ್ಪ್ರೇಕ್ಷೆಯಿಂದ ಈ ಪ್ರಯೋಗವು ಹುಟ್ಟಿರಬಹುದು.

ಸೊಳ್ಳೆಯನ್ನು ತಡೆಯುವ ಪರದೆಗೆ ಸಂಸ್ಕೃತಕೋಶಗಳಲ್ಲಿ ಪ್ರತ್ಯೇಕವಾದ ಹೆಸರುಗಳಿವೆ. ಮಶಹರೀ ಎಂಬುದು ಒಂದು, ಚತುಷ್ಕೀ ಎಂಬುದು ಇನ್ನೊಂದು. ಮಶಹರಿಯು ಬಂಗಾಳಿಯ ಮಶಾರಿಯಾಗಿಯೂ ಹಿಂದಿಯ ಮಸಹ್ರಿಯಾಗಿಯೂ ಜೀವಂತವಾಗಿದೆ. ಬಂಗಾಳಿಯೊಂದರಲ್ಲೇ ಚಂದ್ರಾತಪವೂ ಮಶಾರಿಯೂ ಜೊತೆಜೊತೆಯಾಗಿ, ಒಂದಕ್ಕೊಂದು ಬೆರೆಯದೆ ಉಳಿದುಬಂದಿರುವುದು ಗಮನಾರ್ಹವಾದ ಸಂಗತಿ.

ವಿತಾನಶಬ್ದಕ್ಕೆ ಯಜ್ಞ, ವಿಸ್ತಾರ ಎಂಬ ಅರ್ಥಗಳನ್ನು ಅಮರನು ನಾನಾರ್ಥವರ್ಗದಲ್ಲಿ ಹೇಳಿರುವನು. ‘ತನು ವಿಸ್ತಾರೇ’ ಎಂಬ ಧಾತುವಿನಿಂದ ಹುಟ್ಟಿದ ಶಬ್ದಕ್ಕೆ ಹರಡುವಿಕೆಯೇ ಪ್ರಧಾನ; ಮುಚ್ಚುವಿಕೆಯು ಪ್ರಧಾನವಲ್ಲ. ಶಿಲ್ಪಶಾಸ್ತ್ರದಲ್ಲಿ ಮಂಟಪದ ಒಳಮಾಳಿಗೆಯ ಕೆತ್ತನೆಗೂ ವಿತಾನವೆಂದೇ ಹೆಸರು. ನಮ್ಮ ಹೊಯ್ಸಳ ದೇವಾಲಯಗಳಲ್ಲಿ ಭುವನೇಶ್ವರಿಯೆಂದು ಕರೆಯುವ ಭಾಗವೇ ಇದು. ನಡುವೆ ಇಳಿಬಿದ್ದ ಕಮಲದ ಮೊಗ್ಗು, ಸುತ್ತಲೂ ಮಡಿಕೆಮಡಿಕೆಯಾದ ಪಟ್ಟಿಕೆಗಳು, ಮೂಲೆಗಳಲ್ಲಿ ಬಿಗಿದಂತಿರುವ ಕಟ್ಟುಗಳು, ಇವನ್ನು ನೋಡಿದರೆ ಕಲ್ಲುಕುಟಿಗನ ಮನಸ್ಸಿನಲ್ಲಿ ಬಟ್ಟೆಯ ಮೇಲ್ಕಟ್ಟಿನ ಚಿತ್ರವೂ ಇದ್ದಿರಬೇಕೆಂದು ತೋರದೆ ಇರದು. ಕರ್ಣಾಟಕದ ಗಡಿಗೆ ಹತ್ತಿರವಿರುವ ಲೇಪಾಕ್ಷಿಯಲ್ಲಿ ಅಚ್ಯುತರಾಯನ ಕಾಲದಲ್ಲಿ ಬರೆದ ಮೇಲ್ಛಾವಣಿಯ ಚಿತ್ರಗಳಿಗೆ ಬಟ್ಟೆಯ ಅಂಚಿನಂತಹ ಪಟ್ಟಿಗಳಿರುವುದೂ ಇದಕ್ಕೆ ಪೋಷಕವಾಗಿದೆ.

ಇನ್ನು ಪ್ರಯೋಗಗಳು. ರಘುವಂಶದ ಹತ್ತೊಂಬತ್ತನೆಯ ಸರ್ಗದಲ್ಲಿ ಅಗ್ನಿವರ್ಣನು ಕಾರ್ತಿಕದ ರಾತ್ರಿಗಳಲ್ಲಿ ವಿತಾನವುಳ್ಳ ಮಾಳಿಗೆಗಳ ಮೇಲಿದ್ದು, ಮೋಡವಿಲ್ಲದ ತಿಳಿಯಾದ ಬೆಳುದಿಂಗಳನ್ನು ಅನುಭವಿಸಿದನೆಂದು ಕಾಳಿದಾಸನು ವರ್ಣಿಸಿರುವನು. ಇಲ್ಲಿ ವಿತಾನವು ಸೊಳ್ಳೆಪರದೆಯಾದರೆ ಶ್ಲೋಕವು ನಿಲ್ಲುವುದೇ ಇಲ್ಲ. ನಾಲ್ಕು ಕಡೆಯೂ ಬಟ್ಟೆಯನ್ನು ಇಳಿಬಿಟ್ಟುಕೊಂಡು ಮಲಗಿದವನಿಗೆ ಬೆಳುದಿಂಗಳ ಸುಖವೆಲ್ಲಿಯದು? ಶರತ್ಕಾಲದ ಇರುಳಿನಲ್ಲಿ ಮೇಲಿನಿಂದ ಬೀಳುವ ಮಂಜು ಮೈಗೆ ತಾಗಬಾರದು, ಓರೆಯಾಗಿ ಬರುವ ತಿಂಗಳ ಬೆಳಕು ಮಾತ್ರ ಒಳಕ್ಕೆ ಬರಬೇಕು. ಇದು ಮೇಲೆ ಮಾತ್ರ ಹರಡಿ ಪಕ್ಕಗಳನ್ನು ತೆರೆದಿಟ್ಟ ಬಟ್ಟೆಯಿಂದ ಸಾಧ್ಯವೇ ಹೊರತು ಬೇರೆ ವಿಧದಿಂದಲ್ಲ. ಕವಿಯು ‘ಸವಿತಾನ’ ಎಂಬ ಒಂದು ವಿಶೇಷಣದಿಂದ ಋತುವನ್ನೂ ರಾಜಭೋಗವನ್ನೂ ಒಟ್ಟಿಗೆ ಸೂಚಿಸಿರುವ ಚಾತುರ್ಯವು, ವಸ್ತುವಿನ ಆಕಾರವು ತಿಳಿಯದಿದ್ದರೆ ಓದುಗನಿಗೆ ದಕ್ಕುವುದಿಲ್ಲ.

ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ವಿರಹದಿಂದ ಉನ್ಮತ್ತನಾದ ಪುರೂರವನು ಮಿಂಚುಳ್ಳ ಮೋಡವನ್ನು ತನ್ನ ವಿತಾನವೆಂದು ಭಾವಿಸುವನು. ಕಾಡಿನಲ್ಲಿ ಅಲೆಯುತ್ತಿದ್ದರೂ ತಾನು ರಾಜನೆಂಬುದನ್ನು ಅವನು ಸ್ಥಾಪಿಸಿಕೊಳ್ಳುವ ಸಂದರ್ಭವದು. ವಿತಾನವು ರಾಜಚಿಹ್ನೆಗಳಲ್ಲಿ ಸೇರಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಛತ್ರಕ್ಕೂ ವಿತಾನಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಬಹುದು. ಛತ್ರವು ವ್ಯಕ್ತಿಯ ಸಂಗಡ ನಡೆಯುವುದು. ವಿತಾನವು ಸ್ಥಾನದ ಮೇಲೆ ನಿಲ್ಲುವುದು. ಅರಸನು ಎದ್ದುಹೋದರೂ ಸಿಂಹಾಸನದ ಮೇಲಣ ವಿತಾನವು ಅಲ್ಲಿಯೇ ಇದ್ದು ಆ ಸ್ಥಳದ ಗೌರವವನ್ನು ಕಾಯುವುದು.

ಭರ್ತೃಹರಿಯ ವೈರಾಗ್ಯಶತಕದಲ್ಲಿ ಮುನಿಯ ಶಯ್ಯೆಯನ್ನು ವರ್ಣಿಸುವ ಪ್ರಸಿದ್ಧ ಪದ್ಯವೊಂದಿದೆ. ನೆಲವೇ ಹಾಸಿಗೆ, ತೋಳೇ ದಿಂಬು, ಆಕಾಶವೇ ವಿತಾನ, ಗಾಳಿಯೇ ಬೀಸಣಿಗೆ, ಚಂದ್ರನೇ ದೀಪವೆಂದು ಅಲ್ಲಿಯ ರೂಪಕಮಾಲೆ. ವೈರಾಗ್ಯದ ಪದ್ಯವಾದರೂ ಇದು ಭೋಗದ ಇತಿಹಾಸಕ್ಕೆ ಉತ್ತಮವಾದ ಆಧಾರ. ರೂಪಕದ ಉಪಮಾನಗಳನ್ನು ಮಾತ್ರ ಆಯ್ದು ತೆಗೆದರೆ ಅರಸನ ಶಯನಗೃಹದ ಸಾಮಗ್ರಿಗಳ ಪಟ್ಟಿಯೇ ಸಿಕ್ಕುವುದು: ಮೆತ್ತೆ, ಒರಗುದಿಂಬು, ಮೇಲ್ಕಟ್ಟು, ಬೀಸಣಿಗೆ, ದೀಪ. ಆಕಾಶವು ವಿತಾನವಾಗುವುದು ಅದು ತಲೆಯ ಮೇಲೆ ಹರಡಿರುವುದರಿಂದಲೇ. ಇದೇ ಭಾವದ ಕನ್ನಡ ವಚನವೊಂದರಲ್ಲಿ ಅಕ್ಕಮಹಾದೇವಿಯು ತನ್ನ ಶಯನಕ್ಕೆ ಪಾಳುಬಿದ್ದ ದೇಗುಲಗಳನ್ನು ಹೆಸರಿಸುವಳು. ಭರ್ತೃಹರಿಯು ಬಿಟ್ಟುಬಂದ ಅರಮನೆಯ ವಸ್ತುಗಳನ್ನು ಪ್ರಕೃತಿಯಲ್ಲಿ ಮತ್ತೆ ಎಣಿಸಿಕೊಳ್ಳುವನು. ಅಕ್ಕನಿಗೆ ಆ ಎಣಿಕೆಯೂ ಬೇಕಾಗಿಲ್ಲ. ಇಬ್ಬರನ್ನೂ ಒಟ್ಟಿಗೆ ಪಾಠ ಹೇಳುವ ಉಪಾಧ್ಯಾಯರಿಗೆ ಈ ಭೇದವು ಪ್ರಯೋಜನಕ್ಕೆ ಬರಬಹುದು.

ವಿತಾನವೂ ಸೊಳ್ಳೆಪರದೆಯೂ ಬೇರೆ ಬೇರೆ ಎಂಬುದಕ್ಕೆ ಕಾವ್ಯಗಳಿಗಿಂತಲೂ ಬಲವಾದ ಪ್ರಮಾಣವು ಬೌದ್ಧರ ವಿನಯಪಿಟಕದಲ್ಲಿದೆ. ಅದರ ಮಹಾವಗ್ಗದಲ್ಲಿ ಭಿಕ್ಷುಗಳಿಗೆ ನಿಷಿದ್ಧವಾದ ಉಚ್ಚಶಯನ ಮಹಾಶಯನಗಳ ದೀರ್ಘವಾದ ಪಟ್ಟಿಯೊಂದು ಬರುವುದು. ದೀಘನಿಕಾಯದ ಬ್ರಹ್ಮಜಾಲಸುತ್ತದಲ್ಲಿಯೂ ಅದೇ ಪಟ್ಟಿಯಿದೆ. ಉದ್ದಗೂದಲಿನ ಕಂಬಳಿ, ಚಿತ್ರಗಂಬಳಿ, ಪಟ್ಟೆಯ ಹಾಸು, ಎರಡು ಕಡೆಯೂ ಕೆಂಪುದಿಂಬುಗಳುಳ್ಳ ಹಾಸಿಗೆ ಮೊದಲಾದುವುಗಳ ನಡುವೆ ‘ಉತ್ತರಚ್ಛದ’ವುಳ್ಳ ಶಯ್ಯೆಯೂ ನಿಷಿದ್ಧವೆಂದು ಹೇಳಿದೆ. ಬುದ್ಧಘೋಷನ ಅಟ್ಠಕಥೆಯು ಈ ಶಬ್ದಕ್ಕೆ ಮೇಲೆ ಕಟ್ಟಿದ ಕೆಂಪು ವಿತಾನವೆಂದು ಅರ್ಥ ಬರೆದಿದೆ. ಅಲ್ಲಿ ಬಳಸಿರುವ ಶಬ್ದ ‘ಉಪರಿಬದ್ಧ’. ಉಪರಿ ಎಂದರೆ ಮೇಲೆ, ಬದ್ಧ ಎಂದರೆ ಕಟ್ಟಿದುದು. ಕನ್ನಡದ ಮೇಲ್ಕಟ್ಟಿಗೆ ಅಕ್ಷರಶಃ ಸಮನಾದ ಮಾತು ಇದು. ಹೀಗೆ ಮೇಲ್ಕಟ್ಟನ್ನು ನಿಷೇಧಿಸಿದ ಅದೇ ವಿನಯಪಿಟಕದ ಚುಲ್ಲವಗ್ಗದಲ್ಲಿ, ಭಿಕ್ಷುಗಳು ಸೊಳ್ಳೆಗಳ ಬಾಧೆಗೆ ಒಳಗಾದಾಗ ಭಗವಾನ್ ಬುದ್ಧನು ‘ಮಕಸಕುಟಿಕಾ’ ಎಂಬುದನ್ನು ಅನುಮತಿಸಿದನೆಂದು ಹೇಳಿದೆ. ಮಕಸವೆಂಬುದು ಸಂಸ್ಕೃತದ ಮಶಕ. ಮಕಸಕುಟಿಕಾ ಎಂದರೆ ಸೊಳ್ಳೆಯಿಂದ ಕಾಯುವ ಗುಡಿಸಲು, ಅರ್ಥಾತ್ ಸುತ್ತಲೂ ಇಳಿಬಿಟ್ಟ ಪರದೆ. ಒಂದೇ ಶಾಸನಗ್ರಂಥವು ಒಂದನ್ನು ನಿಷೇಧಿಸಿ ಇನ್ನೊಂದನ್ನು ಅನುಮತಿಸಿರುವಾಗ ಇವೆರಡೂ ಒಂದೇ ವಸ್ತುವೆಂದು ಹೇಳುವುದಕ್ಕೆ ಅವಕಾಶವೇ ಇಲ್ಲ. ನಿಷೇಧಕ್ಕೂ ಅನುಮತಿಗೂ ಇರುವ ಕಾರಣವೂ ಸ್ಪಷ್ಟ. ಮೇಲ್ಕಟ್ಟು ಮಲಗಿದವನ ದೊಡ್ಡಸ್ತಿಕೆಯನ್ನು ಸಾರುವುದು. ಕುಟಿಕೆಯು ಅವನ ಚರ್ಮವನ್ನು ಕಾಯುವುದು ಮಾತ್ರ.

ಕನ್ನಡಕ್ಕೆ ಬಂದರೆ, ಮೇಲ್ಕಟ್ಟು ಎಂಬ ಸಮಾಸವು ದ್ರಾವಿಡಭಾಷೆಗಳಿಗೆಲ್ಲ ಸಾಮಾನ್ಯವಾದುದು. ತೆಲುಗಿನಲ್ಲಿ ಮೇಲುಕಟ್ಟು, ತಮಿಳಿನಲ್ಲಿ ಮೇಱ್ಕಟ್ಟಿ, ಮಲಯಾಳದಲ್ಲಿ ಮೇಲ್ಕಟ್ಟಿ. ಎಲ್ಲೆಡೆಯೂ ಧಾತುವು ‘ಕಟ್ಟು’ ಎಂಬುದೇ. ಮೇಲಿನ ತೊಲೆಗೋ ಕಂಬದ ತಲೆಗೋ ನಾಲ್ಕು ಮೂಲೆಗಳನ್ನು ಕಟ್ಟಿ ಬಿಗಿದ ಬಟ್ಟೆಯೆಂಬ ಭಾವವು ಶಬ್ದದಲ್ಲೇ ಅಡಗಿದೆ. ಅದು ಮಂಚದ ಅಂಗವಲ್ಲ, ಮನೆಗೆ ಸೇರಿದುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಲಕ್ಷಣವನ್ನು ಹೇಳುವಾಗ ಮಂಚಕ್ಕೆ ಯೋಗ್ಯವಾದ ಮರಗಳನ್ನೂ ಅಂಗುಲಗಳ ಅಳತೆಯನ್ನೂ ವಿಸ್ತರಿಸುವನು. ಅದು ಬಡಗಿಯ ಶಾಸ್ತ್ರ. ಮೇಲ್ಕಟ್ಟಿನ ಅಧಿಕಾರವು ಬಡಗಿಯದಲ್ಲ, ಬಟ್ಟೆಯ ಕೆಲಸದವರದು. ಮದುವೆಯ ಮಂಟಪದಲ್ಲಿಯೂ ದೇವರ ಉತ್ಸವದಲ್ಲಿಯೂ ಬಿಳಿಯ ಬಟ್ಟೆಯನ್ನು ಮೇಲೆ ಕಟ್ಟುವ ಹಕ್ಕು ನಾಡಿನ ಅನೇಕ ಕಡೆ ಮಡಿವಾಳರಿಗೆ ಸೇರಿದುದು. ದಕ್ಷಿಣಕನ್ನಡದ ಭೂತಾರಾಧನೆಯಲ್ಲಿ ಅವರ ಈ ಸೇವೆಯು ಇಂದಿಗೂ ನಡೆದುಬಂದಿದೆ. ದೇವರ ಮೇಲೆ, ವಧೂವರರ ಮೇಲೆ, ಅರಸನ ಮೇಲೆ, ಶಯ್ಯೆಯ ಮೇಲೆ ಕಟ್ಟುತ್ತಿದ್ದುದು ಒಂದೇ ಜಾತಿಯ ವಸ್ತು, ಒಂದೇ ಹೆಸರಿನ ವಸ್ತು. ಶ್ರೀರಂಗಪಟ್ಟಣದ ರಂಗನಾಥನಿಗೆ ಆದಿಶೇಷನೇ ಶಯ್ಯೆಯೂ ಹೌದು, ಹೆಡೆಯೆತ್ತಿ ಮೇಲ್ಕಟ್ಟೂ ಹೌದು.

ಗೌರವದ ಮಾತು ಹಾಗಿರಲಿ; ಈ ವಸ್ತುವಿಗೆ ಒಂದು ಲೌಕಿಕವಾದ ಉಪಯೋಗವೂ ಇದ್ದಿತು. ಹುಲ್ಲಿನ ಮಾಡಿನಿಂದಲೂ ನಾಡಹೆಂಚಿನ ಸಂದಿಯಿಂದಲೂ ಧೂಳು, ಹುಲ್ಲುಕಡ್ಡಿ, ಇಲಿಯ ಹಿಕ್ಕೆ, ಚೇಳು, ಹಲ್ಲಿ ಇವೆಲ್ಲ ಮಲಗಿದವನ ಮೇಲೆ ಬೀಳುವುವು. ಹಲ್ಲಿಯು ಮೈಮೇಲೆ ಬಿದ್ದರೆ ಬಿದ್ದ ಅಂಗಕ್ಕನುಸಾರವಾಗಿ ಫಲವನ್ನು ಪಂಚಾಂಗಗಳಲ್ಲಿ ಅಚ್ಚುಹಾಕುವ ಪದ್ಧತಿ ಈಗಲೂ ನಿಂತಿಲ್ಲ. ಮೇಲ್ಕಟ್ಟು ಇದ್ದ ಮನೆಯವರಿಗೆ ಆ ಪುಟವನ್ನು ತಿರುವುವ ಆವಶ್ಯಕತೆಯು ಕಡಮೆಯಾಗಿದ್ದಿರಬೇಕು. ಕರಾವಳಿಯ ದೊಡ್ಡ ಮನೆಗಳಲ್ಲಿ ಹಲಗೆಯ ಮುಚ್ಚಿಗೆಯು ಇದೇ ಕೆಲಸವನ್ನು ಮಾಡುತ್ತಿದ್ದುದರಿಂದ, ಅಂತಹ ಕೋಣೆಯಲ್ಲಿ ಕಟ್ಟಿದ ಬಟ್ಟೆಯು ಕೇವಲ ಗೌರವಾರ್ಥವಾದುದೆಂದು ಹೇಳಬಹುದು.

ಎರಡನೆಯ ಶಬ್ದ ಚಪ್ಪರಮಂಚ. ಜನರ ಮಾತಿನಲ್ಲಿ ಇದು ಸಪ್ಪರಮಂಚ, ಸಪ್ರಮಂಚ ಎಂದಾಗಿದೆ. ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಇದರ ರೂಪಗಳಿವೆ. ‘ಸಪ್ರ’ ಎಂಬ ಭಾಗವನ್ನು ಕಂಡು ಇದಕ್ಕೆ ಸಂಸ್ಕೃತದಿಂದ ವ್ಯುತ್ಪತ್ತಿಯನ್ನು ಹುಡುಕುವುದು ವೃಥಾಶ್ರಮ. ಚಪ್ಪರವೇ ಮೂಲವೆಂಬುದರಲ್ಲಿ ಸಂದೇಹಕ್ಕೆ ಕಾರಣವಿಲ್ಲ. ಚಪ್ಪರವು ತನ್ನ ಕಂಬಗಳ ಮೇಲೆ ತಾನೇ ನಿಲ್ಲುವುದು. ಆದಕಾರಣ ಚಪ್ಪರಮಂಚವೆಂದರೆ ನಾಲ್ಕು ಕಾಲುಗಳೇ ಮೇಲಕ್ಕೆ ಬೆಳೆದು ಕಂಬಗಳಾಗಿ, ಅವುಗಳ ಮೇಲೆ ಚೌಕಟ್ಟೂ ಬಟ್ಟೆಯೂ ನಿಂತಿರುವ ಮಂಚ. ಇಲ್ಲಿ ಮೇಲ್ಕಟ್ಟು ಮನೆಯ ತೊಲೆಯನ್ನು ಬಿಟ್ಟು ಮಂಚದ ಅಂಗವಾಯಿತು. ಹೀಗಾದ ಮೇಲೆ ಆ ಚೌಕಟ್ಟಿನಿಂದಲೇ ಪಕ್ಕದ ತೆರೆಗಳನ್ನು ಇಳಿಬಿಡುವುದು ಸುಲಭವಾದುದರಿಂದ, ಮೇಲ್ಕಟ್ಟೂ ಪರದೆಯೂ ಒಂದೇ ಕಡೆ ಸೇರಿದುವು. ಇಂದಿನ ಅರ್ಥಸಾಂಕರ್ಯಕ್ಕೆ ಬೀಜವಿರುವುದು ಈ ಮಂಚದಲ್ಲಿಯೇ. ಕಟ್ಟುವುದು, ನಿಲ್ಲುವುದು, ಇಳಿಬಿಡುವುದು ಎಂಬ ಮೂರು ಕ್ರಿಯೆಗಳಿಂದ ಮೂರು ವಸ್ತುಗಳೂ ಬೇರೆಯಾಗುವುವೆಂಬುದನ್ನು ನೆನಪಿನಲ್ಲಿಟ್ಟರೆ ತೊಡಕಿಲ್ಲ. ತೂಗುಮಂಚವು ಇವುಗಳಲ್ಲಿ ಯಾವುದೂ ಅಲ್ಲ. ಅಲ್ಲಿ ತೂಗುವುದು ಬಟ್ಟೆಯಲ್ಲ, ಮಂಚವೇ.

ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇಪ್ಪತ್ತು ಉಪಭೋಗಗಳಲ್ಲಿ ಶಯ್ಯೆಯೂ ಒಂದಾಗಿ, ಛತ್ರ ಧೂಪಗಳ ನೆರೆಯಲ್ಲಿ ಬರುವುದು. ಧೂಪದ ಪ್ರಸ್ತಾಪವು ಬಂದಾಗ ಪಂಪನ ಆದಿಪುರಾಣದ ವಜ್ರಜಂಘ ಶ್ರೀಮತಿಯರ ಮರಣವು ಯಾರಿಗೆ ನೆನಪಾಗದು? 941ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಶಯನಗೃಹದೊಳಗೆ ತುಂಬಿದ ಧೂಪದ ಹೊಗೆಯು ಹೊರಕ್ಕೆ ಹೋಗಲು ದಾರಿಯಿಲ್ಲದೆ ಆ ದಂಪತಿಗಳು ಪ್ರಾಣಬಿಡುವರು. ಇಲ್ಲಿ ಓದುಗನ ಕಲ್ಪನೆಗೆ ತೆರೆಗಳಿಂದ ಮುಚ್ಚಿದ ಮಂಚವು ಬರುವುದು ಸಹಜ. ಆದರೆ ಕಥೆಯ ಮರ್ಮವು ಗವಾಕ್ಷವನ್ನು ತೆರೆಯದೆ ಬಿಟ್ಟ ಪರಿಚಾರಕರ ಮರವೆಯಲ್ಲಿದೆಯೇ ಹೊರತು ಮಂಚದ ತೆರೆಯಲ್ಲಿಲ್ಲ. ಭೋಗಸಾಮಗ್ರಿಯೇ ಮೃತ್ಯುವಾಯಿತೆಂಬ ಪಂಪನ ಭಾವವು ಸೆಜ್ಜೆವನೆಯ ಇಡೀ ಗಾಳಿಯನ್ನು ವ್ಯಾಪಿಸಿಕೊಂಡಿದೆ; ಅದನ್ನು ಮಂಚದ ಪರದೆಯೊಳಗೆ ಸಂಕೋಚಗೊಳಿಸುವುದು ಸಲ್ಲದು. ಸೆಜ್ಜೆ ಎಂಬುದು ಶಯ್ಯಾಶಬ್ದದ ತದ್ಭವವೆಂಬುದು ಸುಪ್ರಸಿದ್ಧ.

ನಿಜವಾದ ಸೊಳ್ಳೆಪರದೆಯು ಕರ್ಣಾಟಕದ ಇತಿಹಾಸದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಕಾಣಿಸಿಕೊಳ್ಳುವುದು ವಿಜಯನಗರದ ಅರಮನೆಯಲ್ಲಿ. 1520ರ ಸುಮಾರಿನಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ನೋಡಿದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ಅರಮನೆಯ ಕೋಣೆಗಳಲ್ಲಿ ಬೆಳ್ಳಿಯ ಮತ್ತು ಚಿನ್ನದ ಸರಪಳಿಗಳಿಂದ ತೂಗುಬಿಟ್ಟ ಮಂಚಗಳನ್ನು ವರ್ಣಿಸಿರುವನು. ಇವು ತೂಗುಮಂಚಗಳು. ಅವನ ಅನಂತರ, ಅಚ್ಯುತರಾಯನ ಆಳ್ವಿಕೆಯಲ್ಲಿ (1529–1542), ಅಲ್ಲಿದ್ದ ಫೆರ್ನಾವ್ ನೂನಿಜನು ಅರಸನ ಶಯ್ಯೆಯ ವಿಷಯವಾಗಿ ಇನ್ನೂ ಸೂಕ್ಷ್ಮವಾದ ವಿವರಗಳನ್ನು ಕೊಡುವನು. ರಾಣಿಯರ ಮಂಚಗಳಿಗೆ ಬೆಳ್ಳಿಯ ತಗಡು. ಅರಸನ ಮಂಚಕ್ಕೆ ಚಿನ್ನದ ಕಾಲುಗಳು, ರೇಷ್ಮೆಯ ಮೆತ್ತೆ, ಅಂಚಿನಲ್ಲಿ ಮುತ್ತುಗಳನ್ನು ಪೋಣಿಸಿದ ದಿಂಬು. ಅರಸನು ಹೋದಲ್ಲೆಲ್ಲ ಬೆಳ್ಳಿಯ ಚೌಕಟ್ಟುಳ್ಳ ಸೊಳ್ಳೆಪರದೆಯೊಂದನ್ನು ಸಂಗಡ ಒಯ್ಯುತ್ತಿದ್ದನೆಂದೂ, ದಂಡಯಾತ್ರೆಯಲ್ಲಿ ಮಲಗುವುದಕ್ಕಾಗಿ ಕಬ್ಬಿಣದ ತುಂಡುಗಳನ್ನು ಜೋಡಿಸಿ ಮಾಡುವ ಮನೆಯೊಂದಿತ್ತೆಂದೂ ಅವನು ಬರೆದಿರುವನು. ರಾಬರ್ಟ್ ಸೀವೆಲ್ಲನು ಈ ಎರಡು ವೃತ್ತಾಂತಗಳನ್ನೂ 1900ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದನು.

ನೂನಿಜನ ಮಾತಿನಲ್ಲಿ ವಿಚಾರಿಸಬೇಕಾದುದು ಚೌಕಟ್ಟು. ಮೇಲ್ಕಟ್ಟಿಗೆ ಚೌಕಟ್ಟು ಬೇಡ, ಮನೆಯು ಬೇಕು. ಚಪ್ಪರಮಂಚಕ್ಕೆ ಚೌಕಟ್ಟುಂಟು, ಆದರೆ ಅದು ಮಂಚದ್ದು. ಅರಸನೊಡನೆ ಪ್ರಯಾಣ ಮಾಡುವ ಪರದೆಗೆ ಮನೆಯೂ ಇಲ್ಲ, ನಿಯತವಾದ ಮಂಚವೂ ಇಲ್ಲ. ಆದುದರಿಂದ ಅದು ತನ್ನ ಚೌಕಟ್ಟನ್ನು ತಾನೇ ಹೊತ್ತು ನಡೆಯಬೇಕಾಯಿತು. ಆ ಚೌಕಟ್ಟು ಬೆಳ್ಳಿಯದಾಗಿದ್ದುದರಿಂದ ರಕ್ಷಣೆಯ ವಸ್ತುವಿಗೂ ರಾಜಭೋಗದ ಮೆರುಗು ಬಂದಿತು. ತುಂಗಭದ್ರೆಯ ಕಾಲುವೆಗಳೂ ಕೆರೆಗಳೂ ತುಂಬಿದ್ದ ಆ ಪಟ್ಟಣದಲ್ಲಿ ಸೊಳ್ಳೆಗೆ ರಾಯನೂ ಒಂದೇ ರೈತನೂ ಒಂದೇ. ಆ ರಾಜಧಾನಿಯ ಹೆಸರನ್ನು ಹೊತ್ತ ಬೆಂಗಳೂರಿನ ವಿಜಯನಗರದಲ್ಲಿಯೂ ಅದರ ಭಾಗವಾದ ಹಂಪಿನಗರದಲ್ಲಿಯೂ ಇಂದು ಪರದೆಯನ್ನು ಕಟ್ಟುವ ಗೃಹಸ್ಥನು, ಬೆಳ್ಳಿಯ ಚೌಕಟ್ಟೊಂದನ್ನು ಬಿಟ್ಟರೆ, ಅಚ್ಯುತರಾಯನ ಪದ್ಧತಿಯನ್ನೇ ಅನುಸರಿಸುತ್ತಿರುವನು.

ಹಾಗಾದರೆ ವಿತಾನಕ್ಕೂ ಸೊಳ್ಳೆಪರದೆಗೂ ಒಂದೇ ಅರ್ಥವನ್ನು ಹೇಳುವ ಅಭ್ಯಾಸವು ಎಲ್ಲಿಂದ ಬಂದಿತು? ಚಪ್ಪರಮಂಚವು ಒಂದು ಕಾರಣವೆಂದು ಮೇಲೆ ಹೇಳಿದೆ. ಇನ್ನೊಂದು ಕಾರಣವು ಇಂಗ್ಲಿಷಿನ ಮೂಲಕ ಬಂದುದು. ನಮ್ಮ ದ್ವಿಭಾಷಾಕೋಶಗಳಲ್ಲಿ ಮೇಲ್ಕಟ್ಟಿಗೂ ವಿತಾನಕ್ಕೂ ‘ಕ್ಯಾನೊಪಿ’ ಎಂಬ ಪದವನ್ನು ಕೊಡುವುದು ರೂಢಿ. ಆ ಪದವು ಗ್ರೀಕಿನ ‘ಕೋನೋಪೇಯೊನ್’ ಎಂಬುದರಿಂದ ಲ್ಯಾಟಿನ್ನಿನ ಮಾರ್ಗವಾಗಿ ಬಂದುದು. ಅದರ ಮೂಲವಾದ ‘ಕೋನೋಪ್ಸ್’ ಎಂಬುದಕ್ಕೆ ಸೊಳ್ಳೆಯೆಂದೇ ಅರ್ಥ. ಈಜಿಪ್ಟಿನ ಜೌಗುಪ್ರದೇಶದ ಜನರು ಹಗಲು ಮೀನು ಹಿಡಿಯುವ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಂಡು ಮಲಗುತ್ತಿದ್ದರೆಂದು ಹೆರೊಡೋಟಸನು ಕ್ರಿ. ಪೂ. 5ನೆಯ ಶತಮಾನದಲ್ಲಿ ಬರೆದಿರುವನು. ಜೂಡಿತ್ ಎಂಬ ಯಹೂದಿ ಕಥೆಯಲ್ಲಿ ಹೊಲೊಫರ್ನೆಸನೆಂಬ ಸೇನಾಪತಿಯ ಕೋನೋಪೇಯೊನ್ ಹೊನ್ನು ರತ್ನಗಳಿಂದ ಕೂಡಿದೆ. ರೋಮಿನ ಕವಿ ಹೋರೇಸನಿಗೆ ರೋಮಕರ ಪಾಳೆಯದಲ್ಲಿ ಈ ವಸ್ತುವನ್ನು ಕಾಣುವುದೇ ನಾಚಿಕೆಗೇಡೆಂದು ತೋರಿತು. ಹೀಗೆ ಪಶ್ಚಿಮದಲ್ಲಿ ಸೊಳ್ಳೆಪರದೆಯೇ ಮೊದಲಾಗಿ, ಕಾಲಕ್ರಮದಲ್ಲಿ ಸೊಳ್ಳೆಯು ಮರೆತುಹೋಗಿ, ಗೌರವದ ಮೇಲ್ಕಟ್ಟೆಂಬ ಅರ್ಥವು ಉಳಿಯಿತು. ನಮ್ಮಲ್ಲಿ ಎರಡೂ ಮೊದಲಿನಿಂದ ಬೇರೆ ಬೇರೆ ಹೆಸರುಗಳಿಂದ ನಡೆದುಬಂದುವು. ಅವರ ಒಂದು ಪದದಿಂದ ನಮ್ಮ ಎರಡು ಪದಗಳನ್ನು ಅಳೆಯಹೊರಟರೆ ಗೊಂದಲವಾಗದೆ ಇನ್ನೇನಾದೀತು?

ಸೊಳ್ಳೆಪರದೆಯು ಸುಖದ ವಸ್ತುವೆಂಬ ಸ್ಥಿತಿಯಿಂದ ಆರೋಗ್ಯದ ವಸ್ತುವೆಂಬ ಸ್ಥಿತಿಗೆ ಏರಿದ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ರೊನಾಲ್ಡ್ ರಾಸನು 1883ರ ಸುಮಾರಿನಲ್ಲಿ ಇಲ್ಲಿಯ ದಂಡುಪ್ರದೇಶದಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಬಳಿ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಬೆಳೆಯುತ್ತಿದ್ದುದನ್ನು ಕಂಡು, ಅದನ್ನು ಬರಿದುಮಾಡಿಸಿ ಸೊಳ್ಳೆಗಳನ್ನು ಕಡಮೆಮಾಡಿದನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡುಹಿಡಿದವನು ಇವನೇ. 1900ರಲ್ಲಿ ಲೋ, ಸಾಂಬನ್ ಎಂಬ ಇಬ್ಬರು ವೈದ್ಯರು ರೋಮಿನ ಸಮೀಪದ ಜ್ವರಪೀಡಿತ ಪ್ರದೇಶದಲ್ಲಿ ಸೊಳ್ಳೆಯು ನುಗ್ಗದಂತೆ ಜಾಲರಿಯನ್ನು ಹೊಡೆದ ಗುಡಿಸಿಲಿನಲ್ಲಿ ರಾತ್ರಿಗಳನ್ನು ಕಳೆದು ಜ್ವರವಿಲ್ಲದೆ ಉಳಿದುದರಿಂದ ರಾಸನ ಸಿದ್ಧಾಂತಕ್ಕೆ ಬಲ ಬಂದಿತು. ವಿನಯಪಿಟಕದ ಮಕಸಕುಟಿಕೆಗೆ ಈ ಗುಡಿಸಿಲಿಗಿಂತ ಉತ್ತಮವಾದ ಟೀಕೆಯನ್ನು ಯಾವ ಪಂಡಿತನೂ ಬರೆಯಲಾರನು. ಪರದೆಯ ಬಟ್ಟೆಯು ಅಗ್ಗವಾಗುವುದಕ್ಕೆ ಇಂಗ್ಲೆಂಡಿನ ಜಾನ್ ಹೀತ್ಕೋಟನು 1809ರಲ್ಲಿ ಹಕ್ಕುಪತ್ರ ಪಡೆದ ಜಾಲವಸ್ತ್ರದ ಯಂತ್ರವು ಕಾರಣವಾಯಿತು. ಅದಕ್ಕೆ ಮೊದಲು ಗಾಳಿಯಾಡುವಷ್ಟು ತೆಳ್ಳಗೂ ಸೊಳ್ಳೆ ನುಗ್ಗದಷ್ಟು ಒತ್ತಾಗಿಯೂ ಇರುವ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯಿಸುವುದು ಸಿರಿವಂತರಿಗೆ ಮಾತ್ರ ಸಾಧ್ಯವಾಗಿದ್ದಿತು.

ಬೆಂಗಳೂರಿನ ಪಶ್ಚಿಮದಲ್ಲಿ ಮೇಲ್ಕಟ್ಟು ಮರೆಯಾಗಿ ಸೊಳ್ಳೆಪರದೆಯೊಂದೇ ಉಳಿದುದಕ್ಕೆ ಮನೆಗಳ ರಚನೆಯೇ ಮುಖ್ಯವಾದ ಕಾರಣ. ಬಟ್ಟೆಗೆ ಅಲ್ಲಿ ಬರವಿದ್ದುದಿಲ್ಲ; 1866ರಷ್ಟು ಹಿಂದೆಯೇ ಡಿ ವೆಕ್ಕಿಯೆಂಬ ಇಟಲಿ ದೇಶದವನು ಕೆಂಗೇರಿಯಲ್ಲಿ ಹಬೆಯ ಯಂತ್ರದಿಂದ ರೇಷ್ಮೆಯ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಬರವಾದುದು ತೊಲೆಗೆ. 1945ರಲ್ಲಿ ನಗರದ ಅಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಏರ್ಪಟ್ಟ ಮೇಲೆ ರಾಜಾಜಿನಗರವೇ ಮೊದಲಾದ ಹೊಸ ಬಡಾವಣೆಗಳು ಹುಟ್ಟಿದುವು. ಅಲ್ಲಿಯ ಮನೆಗಳಲ್ಲಿ ಹೆಂಚೂ ಮರದ ತೊಲೆಗಳೂ ಕ್ರಮೇಣ ಹೋಗಿ ಕಾಂಕ್ರೀಟಿನ ತಾರಸಿಯು ಬಂದಿತು. ತಾರಸಿಯಿಂದ ಧೂಳು ಉದುರುವುದಿಲ್ಲ, ಚೇಳು ಬೀಳುವುದಿಲ್ಲ. ಮೇಲ್ಕಟ್ಟನ್ನು ಕಟ್ಟುವುದಕ್ಕೆ ಕಾರಣವೂ ಇಲ್ಲ, ಕೊಂಡಿಯೂ ಇಲ್ಲ. ಇತ್ತ ವೃಷಭಾವತಿಯು ರಾಜಾಜಿನಗರ, ವಿಜಯನಗರಗಳ ಕಡೆಯ ನೀರನ್ನು ಕೂಡಿಸಿಕೊಂಡು ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯತ್ತ ಹರಿಯುವಾಗ ನಗರದ ಕೊಳಚೆಯನ್ನು ಹೊತ್ತು, ಸೊಳ್ಳೆಗಳಿಗೆ ತವರುಮನೆಯಾಯಿತು. ಮನೆಯೊಳಗಿನ ತೊಟ್ಟಿ, ಹೂಕುಂಡಗಳ ತಿಳಿನೀರಿನಲ್ಲಿ ಬೆಳೆಯುವ ಡೆಂಗೆಯ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯು ಅದಕ್ಕೆ ಪೂರ್ಣವಾದ ಪ್ರತೀಕಾರವಲ್ಲ. ಆದರೂ ಹಗಲು ಮಲಗುವ ಹಸುಗೂಸುಗಳಿಗೂ ರೋಗಿಗಳಿಗೂ ಅದು ಆವಶ್ಯಕವೆಂದು ವೈದ್ಯರು ಹೇಳುವರು.

ಮೇಲ್ಕಟ್ಟು ಮಲಗುವ ಕೋಣೆಯನ್ನು ಬಿಟ್ಟಿತೇ ಹೊರತು ಊರನ್ನು ಬಿಟ್ಟುಹೋಗಿಲ್ಲ. ದೇವಾಲಯಗಳ ಉತ್ಸವಮೂರ್ತಿಯ ಮೇಲೆಯೂ ವಿವಾಹಮಂಟಪಗಳಲ್ಲಿಯೂ ಅದು ತನ್ನ ಹಳೆಯ ಗೌರವದಲ್ಲಿಯೇ ಇರುವುದರಿಂದ, ಕಾವ್ಯಪಾಠದಲ್ಲಿ ವಿತಾನವು ಬಂದಾಗ ವಿದ್ಯಾರ್ಥಿಗಳಿಗೆ ತೋರಿಸಬೇಕಾದುದು ಆ ಬಟ್ಟೆಯನ್ನು. ಮಶಹರಿಯು ಬಂದಾಗ ಅವರನ್ನು ಹೊರಕ್ಕೆ ಕರೆದೊಯ್ಯಬೇಕಾದುದಿಲ್ಲ. ಕಿಟಕಿಯ ಸರಳಿಗೆ ಒಂದು, ಬಾಗಿಲ ಚಿಲಕಕ್ಕೆ ಒಂದು, ಗೋಡೆಯ ಮೊಳೆಗಳಿಗೆ ಎರಡು, ಹೀಗೆ ನಾಲ್ಕು ದಾರಗಳಿಂದ ಅವರವರ ಮನೆಯಲ್ಲಿಯೇ ಅದನ್ನು ಕಟ್ಟಿರುವರು. ಕೋಶಕಾರರು ಅದನ್ನು ಚತುಷ್ಕೀ ಎಂದು ಕರೆದುದು ಈ ನಾಲ್ಕು ಮೂಲೆಗಳಿಂದಲೇ ಎಂದು ತೋರುತ್ತದೆ.